ಪೈಪಿನೊಳಗಿನ ಜಾಗ

ಕುರ್ಚಿಯಲ್ಲಿ ಕೂರಿಸಿದ ಕಲ್ಯಾಣಪ್ಪನ ಹೆಣದ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಹಣೆಗೆ ಬಿಳಿ ಬಟ್ಟೆ ಸುತ್ತಿ ಹಿಂದಕ್ಕೆ ಕಟ್ಟುತ್ತಿದ್ದ ಮಗ ಗುರುಸಿದ್ಧ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವನನ್ನು ನೋಡಿ ಕೈ ನಿಲ್ಲಿಸಿದ. ಅಪ್ಪನ ತಮ್ಮ, ಮೈಂದರ್ಗಿಯ ಸೋಮೇಶ ಕಾಕಾ. ಗುರುಸಿದ್ಧ ಅವನನ್ನು ಫೋಟೋದಲ್ಲಷ್ಟೇ ಕಂಡಿದ್ದ.

ಸೋಮೇಶ ಅಣ್ಣನ ಮುಖ ನೋಡಲಿಲ್ಲ. ಪಾದ ಮುಟ್ಟಿ ಮೂಲೆಯಲ್ಲಿ ಕುಳಿತ. ಸೊಲ್ಲಾಪುರದ ಆ ಸಣ್ಣ ಮನೆಯಲ್ಲಿ ಕೂಡಿದವರು ಅವನತ್ತ ತಿರುಗಿದರು. ಇವನಿಗೆ ಮೊದಲು ನೀರು ಕೊಡಿರೆಂದು ಕಲ್ಯಾಣಪ್ಪನ ಹೆಂಡತಿ ಶಾರದಾಬಾಯಿ ಅಳುತ್ತಲೇ ಹೇಳಿದಳು.

*

ವರ್ಷಗಳ ಹಿಂದೆ, ಅಕ್ಕಲಕೋಟದಲ್ಲಿ ಯಾತ್ರಿಕರಿಗೆಂದು ಕಟ್ಟುತ್ತಿದ್ದ ಲಾಡ್ಜಿನ ವೈರಿಂಗು ಸೋಮೇಶ ತನ್ನ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ. ತಮ್ಮನ ಕೈಕೆಳಗೆ ದುಡಿಯಲು ಕಲ್ಯಾಣಪ್ಪ ಖುಷಿಯಿಂದ ಹೋಗಿದ್ದ. ಬಣ್ಣವೂ ಮುಗಿದ ಮೇಲೆ ಮಾಲಕ ಎಲ್ಲ ಕೋಣೆಗೂ ಎಸಿ ಬೇಕೆಂದ. ಗೋಡೆ ಒಡೆಯದೆ, ಒಳಗಿದ್ದ ಪೈಪಿನಲ್ಲೇ ಇನ್ನಷ್ಟು ವೈರು ಎಳೆಯಲು ಹೇಳಿದ. ಸೋಮೇಶ ವೈರಿಗೆ ಸಾಬೂನು ಸವರಿ ಎಳೆದೂಬಿಟ್ಟ.

ಕಲ್ಯಾಣಪ್ಪ ಪೈಪಿನ ಬಾಯಿ ನೋಡಿ ಲೆಕ್ಕ ಹಾಕಿದ.

"ನೂರು ಪಾಲಿನಾಗ ನಲವತ್ತ ಪಾಲು ವೈರ್ ಇರಬೇಕು, ಉಳದದ್ದು ಗಾಳಿಗಿ ಬಿಡಬೇಕು. ಇಲ್ಲಿ ಅರವತ್ತು ದಾಟ್ಯಾದ. ಒಳಗೊಳಗ ಕಾದು ಬೆಂಕಿ ಹತ್ತತದ ಸೋಮ್ಯಾ. ಜನಾ ಮಲಗೋ ಜಾಗಾ ಇದು."

"ಏನೂ ಆಗಂಗಿಲ್ಲ ಬಿಡಣ್ಣಾ. ನಾ ಮಾತು ಕೊಟ್ಟೀನಿ."

ಸೋಮೇಶ ಊಟ ಮಾಡಿ ಬರುವಷ್ಟರಲ್ಲಿ ಅಣ್ಣ ವೈರುಗಳನ್ನೆಲ್ಲ ಹೊರಗೆಳೆದು, ಹೊಸ ಬಣ್ಣದ ಗೋಡೆಯನ್ನು ಉದ್ದಕ್ಕೂ ಉಳಿಯಿಂದ ಒಡೆದು ಹಾಕಿದ್ದ. ಮಾಲಕ ಇಬ್ಬರನ್ನೂ ಹೊರಹಾಕಿದ. ಗೋಡೆ ಹೇಗೂ ಒಡೆದಿತ್ತು. ಆಮೇಲೆ ಬಂದ ಬೇರೆ ವೈರಿಂಗಿನವರು ದೊಡ್ಡ ಪೈಪನ್ನೇ ಕೂರಿಸಿದರು. ಸೋಮೇಶನಿಗೆ ಆ ಊರಲ್ಲಿ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಮೈಂದರ್ಗಿಯಲ್ಲಿ ಪಂಪಿನ ಮೋಟಾರು ರಿಪೇರಿಗೆ ಕುಳಿತ. ಕಲ್ಯಾಣಪ್ಪ ಎಷ್ಟೋ ಸಲ ಆ ಅಂಗಡಿಯ ಮುಂದೆ ಹೋಗಿ ನಿಂತ. ತಮ್ಮ ತಲೆ ಎತ್ತಲಿಲ್ಲ.

*

ಹುಟ್ಟೂರು ಮೈಂದರ್ಗಿಗೆ ಹೊರಟ ಹೆಣದ ಗಾಡಿ ಅಕ್ಕಲಕೋಟ ಹೊಕ್ಕು ಆ ಲಾಡ್ಜಿನ ಮುಂದೆ ಹಾಯಿತು. ಬಾಲ್ಕನಿಯ ತುಂಬ ಯಾತ್ರಿಕರ ಬಟ್ಟೆಗಳು ಒಣಗುತ್ತಿದ್ದವು.

"ಒಂದ ಸಲಾನೂ ಬೆಂಕಿ ಹತ್ತಿಲ್ಲ ವೈನಿ," ಎಂದ ಸೋಮೇಶ ಅತ್ತಿಗೆಗೆ. "ಅಣ್ಣ ಒಡದಿದ್ದಕ್ಕ ಹತ್ತಲಿಲ್ಲೋ, ಹೆಂಗಿದ್ರೂ ಹತ್ತತಿರಲಿಲ್ಲೋ? ಇದನ್ನ ಯಾರಿಗಿ ಕೇಳಲಿ?"

ಶಾರದಾಬಾಯಿ ಹಿಂದೆ ಸರಿದ ಲಾಡ್ಜನ್ನು ತಿರುಗಿ ನೋಡಿದಳು.

"ಅವರಿಗೂ ಗೊತ್ತಿರಲಿಲ್ಲಪ್ಪಾ. ಇಲ್ಲಿಗಿ ಬಂದಾಗೊಮ್ಮಿ ರಸ್ತಾದಾಗ ನಿಂತು, ಜನಾ ಒಳಗ ಹೋಗೋದು ನೋಡ್ತಿದ್ರು."

ಮೈಂದರ್ಗಿಯ ಊರಾಚೆಯ ರುದ್ರಭೂಮಿಯಲ್ಲಿ ಕುಣಿ ಸಿದ್ಧವಾಗಿತ್ತು. ಹೆಣವನ್ನು ಇಳಿಸಿ, ಬದಿಗೆ ಕೊರೆದ ಗೂಡಿನಲ್ಲಿ ಕೂರಿಸಿದರು. ಕ್ರಿಯೆ ಮಾಡಿಸಲು ಬಂದ ಸ್ವಾಮಿಗಳು ವಿಭೂತಿಗೆ ಕೈಚಾಚಿದರು.

"ತಡೀರಿ," ಎಂದ ಸೋಮೇಶ. "ಭುಜಾ ಮಣ್ಣಿಗಿ ಒತ್ತಾಕತ್ತಾವ."

ಅಷ್ಟು ಸಾಕು, ಹೇಗೂ ಮಣ್ಣೇ ಮುಚ್ಚುವುದಲ್ಲವೇ ಎಂದು ಯಾರೋ ಅಂದರು. ಸೋಮೇಶ ಅಂಗಿ ತೋಳು ಮಡಚಿ ಕುಣಿಗೆ ಇಳಿದ. ಆಗ ಮೊದಲ ಸಲ ಅಣ್ಣನ ಮುಖ ನೋಡಿದ. ಆಮೇಲೆ ಗೂಡಿನ ಗೋಡೆಯನ್ನು ಬೆರಳಿಂದ ಕೆರೆಯತೊಡಗಿದ. ಮೇಲೆ ಜನ ಬಿಸಿಲಲ್ಲಿ ಕಾಯುತ್ತ ನಿಂತಿದ್ದರು. ಅಣ್ಣನ ಭುಜಕ್ಕೂ ಮಣ್ಣಿಗೂ ನಡುವೆ ತನ್ನ ಅಂಗೈ ಸಲೀಸಾಗಿ ಹೋಗಿ ಬರುವವರೆಗೂ ಅವನು ಕೆರೆಯುತ್ತಲೇ ಇದ್ದ.