ಬೀಗರು ತಿರುಗಿ ನೋಡಿದರು

ಹೊಳೆದಡದ ಹೊಸ ಪಾರ್ಕನ್ನು ನೋಡಬೇಕೆಂಬ ಆಸೆ ನನಗೇನೂ ಇರಲಿಲ್ಲ. ಹುಲ್ಲು, ನೀರು, ಬೆಂಚು, ಅದರಲ್ಲಿ ನೋಡುವುದೇನಿದೆ? ವಾರವೆಲ್ಲ ಅಂಗಡಿಯಲ್ಲಿ ಪರದೆ ಹೊಲಿದು, ಏಣಿ ಹತ್ತಿ ಅವರಿವರ ಕಿಟಕಿಗೆ ತೂಗುಹಾಕುವವಳಿಗೆ ಭಾನುವಾರ ಕಾಲು ಚಾಚಿ ಮಲಗುವುದೇ ಸ್ವರ್ಗ. ಆದರೆ ಅಮ್ಮ ತಿಂಗಳ ಕೊನೆಗೆ ನನ್ನ ತಮ್ಮನ ಊರಿಗೆ ಹೊರಟಿದ್ದಳು. ಇನ್ನು ಅಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ನಾನೇ. ಅಪ್ಪ ಹೋದ ಮೇಲೆ ಅವಳು ಆ ಸಣ್ಣ ಮನೆಯಲ್ಲಿ ಒಂಟಿ; ಎಷ್ಟು ದಿನ ಅಂತ ಹಾಗೇ ಇರುತ್ತಾಳೆ?

"ಹೋಗೋಕೆ ಮುಂಚೆ ಒಂದ್ಸಲ ಎಲ್ಲರೂ ಪಾರ್ಕಿಗೆ ಹೋಗ್ಬರೋಣ ಕಣೇ," ಎಂದಳು. ಆಮೇಲೆ, "ಬೀಗರೂ ಬರ್ಲಿ," ಎಂದು ಸೇರಿಸಿದಳು.

ಬೀಗರೆಂದರೆ ನನ್ನ ಮಾವ, ಗಂಡನ ತಂದೆ. ನಮ್ಮ ಜೊತೆಯಲ್ಲೇ ಇದ್ದಾರೆ. ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಬಸ್ಸು ಓಡಿಸಿ ನಿವೃತ್ತರಾದವರು. ಕಾಲುದಾರಿಯಲ್ಲಿ ನಡೆಯುವಾಗಲೂ ತಿರುವು ಬಂದರೆ ಗಂಟಲು ಕೆರೆದು ಹಾರ್ನ್ ಮಾಡುತ್ತಾರೆ. ನನ್ನ ಮದುವೆಯ ದಿನದಿಂದ ಅಮ್ಮ ಅವರನ್ನು "ಬೀಗರೇ" ಎನ್ನುತ್ತಾಳೆ, ಅವರು ಅಮ್ಮನನ್ನು "ಬೀಗಿತ್ತಿಯವರೇ" ಎನ್ನುತ್ತಾರೆ. ಇಬ್ಬರ ನಡುವಿನ ಮರ್ಯಾದೆ ನೋಡಿದರೆ ನಮಗೇ ಸುಸ್ತಾಗಬೇಕು.

ಪಾರ್ಕು ಚೆನ್ನಾಗಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ. ಹಳೆಯ ಗೋದಾಮುಗಳನ್ನು ಕೆಡವಿ ನೀರಿನವರೆಗೂ ಅಗಲವಾದ ಮೆಟ್ಟಿಲು ಮಾಡಿದ್ದರು. ಮರದ ಹಲಗೆಯ ದಾರಿಯಲ್ಲಿ ಸೈಕಲ್ಲುಗಳು, ನೆಲದಿಂದ ಚಿಮ್ಮುವ ನೀರಿನಲ್ಲಿ ತೊಪ್ಪೆಯಾದ ಮಕ್ಕಳು, ಅವರ ಹಿಂದೆ ಟವೆಲ್ ಹಿಡಿದು ಓಡುವ ತಾಯಂದಿರು. ಜನವೋ ಜನ. ನಾನು ಬೆಂಚು ಹುಡುಕುತ್ತಿದ್ದೆ. ನನ್ನ ಗಂಡ ಐಸ್‌ಕ್ರೀಮಿನ ಸಾಲು ಹುಡುಕುತ್ತಿದ್ದ. ಮಾವ ಮುಂದೆ ಹೋಗಿ ಕಂಬಿಯ ಹತ್ತಿರ ನಿಂತಿದ್ದರು.

ಆಗ ಅಮ್ಮ ಕರೆದಳು. "ರೀ... ಅಲ್ಲಿ ಬಿಸಿಲು. ಈಚೆ ಬನ್ನಿ."

ಆ "ರೀ" ಎಂಬುದನ್ನು ಯಾರಿಗೆ ಬೇಕಾದರೂ ಅನ್ನಬಹುದು. ಕಂಡಕ್ಟರಿಗೂ ಅನ್ನುತ್ತೇವೆ, ಕಾಲು ತುಳಿದವನಿಗೂ ಅನ್ನುತ್ತೇವೆ. ಆದರೆ ಹಿಂದೆ ಮುಂದೆ ಏನೂ ಇಲ್ಲದೆ, ಸ್ವಲ್ಪ ಎಳೆದು, ದನಿ ಇಳಿಸಿ ಹೆಂಗಸೊಬ್ಬಳು ಕರೆಯುವ "ರೀ" ಒಬ್ಬನಿಗೇ. ನಾನು ಕರೆದರೆ ಮೂರನೇ ಸಲಕ್ಕೆ ತಿರುಗುವ ಗಂಡ ನನಗಿದ್ದಾನೆ. ಮಾವ ಒಂದೇ ಕರೆಗೆ ತಿರುಗಿದರು. ಅಷ್ಟು ಗಂಡಸರ ನಡುವೆ, ಆ ಗಲಾಟೆಯಲ್ಲಿ, ಅನುಮಾನವೇ ಇಲ್ಲದೆ ತಿರುಗಿ, ಎರಡು ಹೆಜ್ಜೆ ಬಂದು, ನನ್ನ ಮುಖ ನೋಡಿ ನಿಂತುಬಿಟ್ಟರು. ಆಮೇಲೆ ದೂರದ ಬೆಂಚಿನ ತುದಿಗೆ ಹೋಗಿ ಕುಳಿತರು.

ನನ್ನ ಗಂಡನಿಗೂ ಅರ್ಥವಾಯಿತು. ಅವನಿಗೆ ಎಲ್ಲದರಲ್ಲೂ ತಮಾಷೆ. "ಹಂಗಾದ್ರೆ ನಾವಿಬ್ರೂ ಅಣ್ಣ ತಂಗಿ ಆಗ್ತೀವಲ್ಲೇ," ಎಂದು ಪಿಸುಗುಟ್ಟಿದ. "ನಿಮ್ಮಮ್ಮನೇ ನಿಂಗೆ ಅತ್ತೆ. ಇನ್ನು ತವರಿಗೆ ಹೋಗ್ತೀನಿ ಅಂತ ಹೆದರಿಸೋ ಹಾಗಿಲ್ಲ."

ಅವನ ತೋಳು ಚಿವುಟಿ, ಅಮ್ಮನನ್ನು ಮೆಟ್ಟಿಲ ಕಡೆಗೆ ಕರೆದುಕೊಂಡು ಹೋದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಬಾಯಿ ತಪ್ಪಿ ಬಂತು," ಎಂದಳು ಅಮ್ಮ.

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಅಳೆದು ಮಾತಾಡಿ ಜನ್ಮ ಕಳೆದೋಳು ನೀನು. ನಿನ್ನ ಬಾಯಿ ತಪ್ಪತ್ತಾ?"

ಅವಳು ಮೆಟ್ಟಿಲ ಮೇಲೆ ಕುಳಿತಳು. ಆಮೇಲೆ ನಿಧಾನವಾಗಿ ಹೇಳಿದಳು. ಬೆಳಿಗ್ಗೆ ಮಾವ ಪೇಪರ್ ತರುತ್ತೇನೆಂದು ಹೊರಟು ಬರುವುದು ಇಲ್ಲಿಗೇ. ಅವಳೂ ಬರುತ್ತಾಳೆ. ಒಂದು ಸುತ್ತು ನಡೆದು, ಹರಟೆ ಹೊಡೆದು ಹೋಗುತ್ತಾರೆ. ಇಷ್ಟೇ.

"ಅಪ್ಪನ್ನ ಹಂಗೇ ಕರೀತಿದ್ದೆ ನೀನು," ಎಂದೆ. ನನಗೆ ನಿಜವಾಗಿ ನೋವಾದದ್ದು ಅದೇ.

"ಹೂಂ. ಅವರು ಹೋದ್ಮೇಲೂ ಎಷ್ಟೋ ದಿನ ಕರೆದಿದೀನಿ. ಗ್ಯಾಸ್ ಖಾಲಿಯಾದಾಗ, ಬಾಗಿಲು ಬಡಿದಾಗ. ಖಾಲಿ ಮನೇಲಿ ಕೂಗಿದ ಮಾತು ವಾಪಸ್ ನಮ್ಮ ಕಿವಿಗೇ ಬರತ್ತೆ ಕಣೇ. ಆಮೇಲೆ ಕರೆಯೋದೇ ಬಿಟ್ಟೆ." ಹರಿಯುವ ನೀರನ್ನು ನೋಡುತ್ತ ಮುಂದುವರಿದಳು. "ಒಂದು ಬೆಳಿಗ್ಗೆ ಇಲ್ಲಿ ಕಾಲು ಜಾರ್ತು. ಬಾಯಿಗೆ ಬಂದಿದ್ದು ಅದೇ. ಇವರು ಓಡಿ ಬಂದ್ರು. ನಂಗೆ ಅಳು ಬಂದಿದ್ದು ಬಿದ್ದಿದ್ದಕ್ಕಲ್ಲ."

ನಾನು ದೂರದ ಬೆಂಚಿನಲ್ಲಿ ಕುಳಿತ ಮಾವನ ಕಡೆ ನೋಡಿದೆ.

"ನಿಂಗೆ ಕಷ್ಟ ಆಗತ್ತೆ ಅಂದ್ರೆ ಬೇಡ. ನಿನ್ನ ತಮ್ಮನ ಮನೆಗೆ ಹೋಗ್ತೀನಿ, ಅದೇನು ಕಾಡಲ್ಲ. ಇವರನ್ನ ಇವತ್ತು ಕರೆಸಿದ್ದೂ ಅದಕ್ಕೇ, ಕಡೇ ಸಲ ಎಲ್ಲರ ಜೊತೆ ಬಂದು ಹೋಗ್ಲಿ ಅಂತ."

ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ತಿರುಗಿದಳು. ನನ್ನ ಒಂದು ಮಾತಿಗೆ ಕಾಯುತ್ತಿದ್ದಾಳೆಂದು ಗೊತ್ತಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಬೆಂಚಿನ ಹತ್ತಿರ ನಡೆದೆ.

ಮಾವ ಎದ್ದು ನಿಂತರು. ಅಷ್ಟು ವಯಸ್ಸಾದವರು ಸೊಸೆಯ ಎದುರು ತಪ್ಪು ಮಾಡಿದವರಂತೆ ಎದ್ದು ನಿಂತದ್ದು ನನಗೆ ಸಹಿಸಲಾಗಲಿಲ್ಲ.

"ನಾನು ಇನ್ಮೇಲೆ ಪೇಪರ್ ಮನೆಗೇ ಹಾಕಿಸ್ತೀನಮ್ಮಾ," ಎಂದರು.

"ಮಾವ, ಅಮ್ಮ ಊರಿಗೆ ಹೋಗಲ್ವಂತೆ."

ಅಮ್ಮ ಹಾಗೆ ಹೇಳಿರಲಿಲ್ಲ. ಅವಳಿಗೆ ಇನ್ನೂ ಗೊತ್ತೇ ಇರಲಿಲ್ಲ. ಮಾವ ಮೆಟ್ಟಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜತೊಡಗಿದರು.

"ಹೋಗಿ," ಎಂದೆ. "ಅವಳಿಗೆ ನೀವೇ ಹೇಳಿ."