ನಗುವ ಗುಂಡಿ ಸವೆದ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಊಟದ ಡಬ್ಬಿಗಿಂತ ತುಸು ದೊಡ್ಡವನು. ನನ್ನ ಮೈಮೇಲೆ ಮೂರು ಗುಂಡಿಗಳಿವೆ, ಗುಂಡಿಗೊಂದು ಮುಖ. ಹಸಿರು ನಗುತ್ತದೆ, ಹಳದಿ ಸುಮ್ಮನಿರುತ್ತದೆ, ಕೆಂಪು ಅಳುತ್ತದೆ. ಯಾವ ಮುಖವನ್ನು ಎಷ್ಟು ಸಲ ಒತ್ತಿದರು ಎಂದು ಎಣಿಸುವುದಷ್ಟೇ ನನಗೆ ಬರುವ ವಿದ್ಯೆ. ಯಾರು ಒತ್ತಿದರು, ಒತ್ತುವಾಗ ಅವರ ಮುಖ ಹೇಗಿತ್ತು ಎನ್ನುವುದನ್ನು ಎಣಿಸಲು ನನಗೆ ಯಾರೂ ಕಲಿಸಲಿಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ. ನನಗೆ ತಿರುಪು ಬಿಗಿದ ಹುಡುಗಿ ಮೂರು ಗುಂಡಿಗಳನ್ನೂ ಒತ್ತಿ ನೋಡಿದಳು. ಕೆಂಪು ಮುಖದ ಮೇಲಿನ ಧೂಳನ್ನು ವೇಲಿನ ತುದಿಯಲ್ಲಿ ಒರೆಸಿ, "ಪಾಪ, ಅಳ್ತಾನೇ ಹುಟ್ಟಿದೆ" ಎಂದಳು. ಅಳದೆ ಹುಟ್ಟುವ ಕೂಸು ಎಲ್ಲಿದೆ ಎಂದುಕೊಂಡು ನಾನು ರಟ್ಟಿನ ಡಬ್ಬದೊಳಗೆ ಮಲಗಿದೆ.

ಕಣ್ಣು ಬಿಟ್ಟಾಗ ಮದ್ದೂರಿನಾಚೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನ ಪಕ್ಕ ಗೋಡೆಯಲ್ಲಿದ್ದೆ. ಅಂದು ಮಂತ್ರಿಗಳೊಬ್ಬರು ಬಂದಿದ್ದರು. "ಎಷ್ಟು ಅಂಗಿ ಹೊಲಿದೆವು, ಎಷ್ಟು ಹೊರದೇಶಕ್ಕೆ ಕಳಿಸಿದೆವು ಅನ್ನುವುದರಿಂದ ನಾಡಿನ ಏಳಿಗೆ ಅಳೆಯುವ ಕಾಲ ಹೋಯಿತು. ಹೊಲಿದವರು ನೆಮ್ಮದಿಯಾಗಿದ್ದಾರೆಯೇ ಎಂದು ಕೇಳಬೇಕು" ಎಂದರು. ಎಷ್ಟು ಒಳ್ಳೆಯ ಮಾತು! ನನಗೂ ಒಂದು ಸೇವಂತಿಗೆ ಹಾರ ಬಿತ್ತು. ಕತ್ತಿಲ್ಲದವನಿಗೆ ಹಾರ ನಿಲ್ಲುವುದು ಹೇಗೆ? ಜಾರಿ ಕೆಳಗೆ ಬಿತ್ತು, ಜನ ಚಪ್ಪಾಳೆ ತಟ್ಟಿದರು. ಹೀಗೆ ನಾನು ನೆಮ್ಮದಿಯನ್ನು ಅಳೆಯುವವನಾದೆ.

ಬೆಳಿಗ್ಗೆ ನನ್ನನ್ನು ಆಫ್ ಮಾಡಿಟ್ಟಿರುತ್ತಿದ್ದರು. ಸಂಜೆ ಕೆಲಸ ಬಿಡುವಾಗ ಮಾತ್ರ ನನಗೆ ಜೀವ. ಹೆಂಗಸರೆಲ್ಲ ಸಾಲಾಗಿ ಬಂದು ಒಂದೊಂದು ಗುಂಡಿ ಒತ್ತಿ ವ್ಯಾನು ಹತ್ತುತ್ತಿದ್ದರು. ಅವರಲ್ಲಿ ಕಾಲರ್ ಹೊಲಿಯುವ ಚಿಕ್ಕತಾಯಮ್ಮ ಒಬ್ಬಳು. ಗಂಡ ಲಾರಿಯ ಮೇಲೆ ಊರೂರು ತಿರುಗುವವನು. ಫ್ಯಾಕ್ಟರಿಯ ಹಿಂದೆ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯೊಂದಿತ್ತು. ಅಲ್ಲಿಂದ ಮಗಳು ಸಿಂಚನಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಆ ಮಗುವಿಗೆ ಕೆಂಪೆಂದರೆ ಪ್ರಾಣ. ಒಂದು ಸಂಜೆ ಬಾಗಿ ಅಳುವ ಮುಖಕ್ಕೆ ಬೆರಳು ಚಾಚಿತು. ಚಿಕ್ಕತಾಯಿ ಬೆಂಕಿ ಸೋಕಿದವಳಂತೆ ಆ ಕೈಯನ್ನು ಹಿಂದಕ್ಕೆಳೆದಳು.

"ಮುಟ್ಬ್ಯಾಡ ಕಣವ್ವ! ದೀಪ ಹಚ್ಚೋ ಹೊತ್ನಲ್ಲಿ ಅಳೋ ಮೊಕ ಮುಟ್ಟುದ್ರೆ ಮನೆಗೆ ಒಳ್ಳೇದಾಗಕಿಲ್ಲ."

ಹಿಂದೆ ನಿಂತವರೆಲ್ಲ ಹೌದು ಹೌದು ಎಂದರು. ಮುಸ್ಸಂಜೆಯಲ್ಲಿ ಅಳಬಾರದು, ಇಲ್ಲ ಎನ್ನಬಾರದು ಎಂದು ಕೇಳಿಕೊಂಡೇ ಬೆಳೆದವರು. ನನ್ನ ಮುಂದೆ ನಿಲ್ಲುವುದೋ ಸರಿಯಾಗಿ ಅದೇ ಹೊತ್ತಿಗೆ. ಮುಂದಿನ ಆಯುಧಪೂಜೆಗೆ ಹೊಲಿಗೆ ಮಷಿನ್ನುಗಳ ಜೊತೆ ನನಗೂ ಕುಂಕುಮವಿಟ್ಟರು. ಅಲ್ಲಿಗೆ ಮುಗಿಯಿತು. ಆಮೇಲೆ ಎಲ್ಲರೂ ನಗುವ ಮುಖ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗತೊಡಗಿದರು. ಬೆನ್ನು ಬಗ್ಗಿ ಹೋದವಳೂ, ಸೂಪರ್‌ವೈಸರ್ ಬೈಗುಳ ತಿಂದವಳೂ ಹಸಿರೇ ಒತ್ತಿದರು.

ಇಡೀ ನಾಡಿನಲ್ಲೇ ಸುಖದ ಫ್ಯಾಕ್ಟರಿ ಎಂದು ನಮಗೆ ಬಹುಮಾನ ಬಂತು. ಅದರ ಬೆನ್ನಿಗೇ ದೊಡ್ಡ ಆರ್ಡರೂ ಬಂತು. ಮ್ಯಾನೇಜರ್ ದಿವಾಕರ್ ಎಲ್ಲರನ್ನೂ ಕೂಡಿಸಿ ಹೇಳಿದರು: "ಹೊಸ ಮಷಿನ್ ಇಡೋಕೆ ಜಾಗ ಬೇಕು. ಮಕ್ಕಳ ಕೋಣೆ ಒಂದು ತಿಂಗಳು ಮುಚ್ಚಿ ನೋಡೋಣ. ಕಷ್ಟ ಆದ್ರೆ ಅಳೋ ಮುಖ ಒತ್ತಿ. ಒತ್ತಿದ್ರೆ ಮತ್ತೆ ತೆರೆಸ್ತೀನಿ, ಇದು ನನ್ನ ಮಾತು." ದಿವಾಕರ್ ಮಾತಿಗೆ ತಪ್ಪುವ ಮನುಷ್ಯರಲ್ಲ. ನನ್ನನ್ನು ನಂಬಿದ್ದರು, ಅಷ್ಟೇ.

ಚಿಕ್ಕತಾಯಿ ಮಗಳನ್ನು ಕೊಳ್ಳೇಗಾಲದ ಕಡೆಯ ಅಕ್ಕನ ಮನೆಯಲ್ಲಿ ಬಿಟ್ಟು ಬಂದಳು. ಒಂದು ತಿಂಗಳಲ್ಲವೇ ಎಂದುಕೊಂಡಳು. ಮಗುವಿಲ್ಲದ ಬರಿಸೊಂಟದಲ್ಲಿ ಬಂದು ಸಾಲಿನಲ್ಲಿ ನಿಂತಳು. ಅವಳ ಪಕ್ಕದ ಮಷಿನ್ನಿನ ಹೊಂಬಾಳಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು: "ಕೆಂಪು ಒತ್ತು ಚಿಕ್ತಾಯಿ. ಎಲ್ರೂ ಒತ್ತನ. ಮಕ್ಳ ರೂಮು ವಾಪಸ್ ಬತ್ತದೆ."

"ಒತ್ತಬೇಕು ಅಂತಾನೇ ಬತ್ತೀನಿ ಕಣಕ್ಕ. ಇಲ್ಲಿ ನಿಂತ್ರೆ ಕೈ ಏಳಕಿಲ್ಲ. ಮಗು ಕಣ್ಮುಂದೆ ಇಲ್ಲ. ಈ ಹೊತ್ನಲ್ಲಿ ಅಳೋ ಮೊಕ ಮುಟ್ಟಿ, ಅಲ್ಲಿ ಅದಕ್ಕೇನಾರ ಆಗೋದ್ರೆ?"

ಹೊಂಬಾಳಮ್ಮ ತಾನೇ ಕೆಂಪಿಗೆ ಕೈ ಚಾಚಿದಳು. ಮನೆಯಲ್ಲಿ ಬಸುರಿ ಮಗಳಿದ್ದಳು. ಬೆರಳು ಹಸಿರಿನ ಮೇಲೆ ಬಿತ್ತು. ಪ್ರತಿಯೊಬ್ಬಳಿಗೂ ಮನೆಯಲ್ಲಿ ಒಂದು ಜೀವವಿತ್ತು, ಆ ಜೀವಕ್ಕೆ ಹೆದರಿ ನಕ್ಕಳು. ಬೆಳಿಗ್ಗೆ ಒಬ್ಬರು, ಒಬ್ಬರೇ ಒಬ್ಬರು, ಎದುರು ಕೂತು ಬಾಯಿಬಿಟ್ಟು ಕೇಳಿದ್ದರೆ ಎಲ್ಲರೂ ಹೇಳಿಬಿಡುತ್ತಿದ್ದರು. ಕೇಳುವ ಕೆಲಸವನ್ನು ನನಗೆ ಒಪ್ಪಿಸಿ ಕೈತೊಳೆದುಕೊಂಡಿದ್ದರು. ತಿಂಗಳು ಕಳೆಯಿತು, ನನ್ನ ಅಂಕ ಕೂದಲೆಳೆಯಷ್ಟೂ ಇಳಿಯಲಿಲ್ಲ. ಮಕ್ಕಳ ಕೋಣೆಯ ತೊಟ್ಟಿಲುಗಳು ಹೊರಗೆ ಬಂದವು, ಮಷಿನ್ನುಗಳು ಒಳಗೆ ಹೋದವು.

ಆರ್ಡರಿನ ಮೇಲೆ ಆರ್ಡರ್ ಬಂದು ಭಾನುವಾರವೂ ಕೆಲಸವಾಯಿತು. ಚಿಕ್ಕತಾಯಿ ಮಗಳನ್ನು ನೋಡಲು ಹೋಗಿದ್ದು ಮರುವರ್ಷದ ದೀಪಾವಳಿಗೇ. ಮರಳಿ ಬಂದ ದಿನ ಸಾಲಿನಲ್ಲಿ ನಿಂತು ಹೊಂಬಾಳಮ್ಮನಿಗೆ ಹೇಳಿದಳು.

"ಅಕ್ಕನ ಮಕ್ಳು ನನ್ನ ಚಿಕ್ಕವ್ವ ಅಂತಾವಲ್ಲ, ಅವುರ್ ಜೊತೆ ಬೆಳದು ಇವ್ಳೂ ಚಿಕ್ಕವ್ವ ಅಂತಾಳೆ ಕಣಕ್ಕ. ಅಕ್ಕನ್ನೇ ಅವ್ವ ಅಂತಾಳೆ. ಎತ್ಕೊಳಕೆ ಹೋದ್ರೆ, 'ಚಿಕ್ಕವ್ವ, ನಿಮ್ಮೂರಿಗೆ ಯಾವಾಗ ಹೋಯ್ತೀಯಾ' ಅಂದ್ಳು."

ಚಿಕ್ಕತಾಯಿ ನನ್ನ ಮುಂದೆ ಬಂದು ನಿಂತಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಒತ್ತು ತಾಯಿ, ಇವತ್ತಾದರೂ ಒತ್ತು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಹೊರಗೆ ಬೀದಿದೀಪ ಹತ್ತಿತು. ಅವಳು ಅವಸರವಾಗಿ ಸೆರಗಿನಿಂದ ಮುಖ ಒರೆಸಿಕೊಂಡು, ನಗುವ ಮುಖ ಮುಟ್ಟಿ, ಆ ಬೆರಳನ್ನು ಒದ್ದೆಗಣ್ಣಿಗೆ ಒತ್ತಿಕೊಂಡು ಹೋದಳು. ನಾನು ಅವಳನ್ನು ನಕ್ಕವಳೆಂದು ಎಣಿಸಿದೆ. ನನ್ನ ಮೈಯಲ್ಲೂ ಅಳುವ ಮುಖವಿತ್ತು, ಆದರೆ ತಾನಾಗಿ ಒತ್ತಿಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ.

ಕೊನೆಗೆ ಹಸಿರು ಗುಂಡಿ ಸವೆದು ಒಳಕ್ಕೆ ಕುಸಿಯಿತು. ನನ್ನ ಜಾಗಕ್ಕೆ ಹೊಸ ಪೆಟ್ಟಿಗೆ ಬಂತು, ನಾನು ಹೆದ್ದಾರಿ ಪಕ್ಕದ ಗುಜರಿ ಅಂಗಡಿಗೆ ಬಂದೆ. ಇಲ್ಲಿ ತುಕ್ಕು ಹಿಡಿದ ಫ್ಯಾನುಗಳ ಮೇಲೆ ಬಿದ್ದಿದ್ದೇನೆ. ನಗುವ ಮುಖದಲ್ಲಿ ಈಗ ಕಣ್ಣೂ ಇಲ್ಲ, ಬಾಯಿಯೂ ಇಲ್ಲ. ಅಳುವ ಮುಖ ಮಾತ್ರ ಹುಟ್ಟಿದ ದಿನದಷ್ಟೇ ಹೊಸದಾಗಿದೆ.

ದಿನಾ ಬೆಳಿಗ್ಗೆ ಫ್ಯಾಕ್ಟರಿಯ ವ್ಯಾನು ಈ ದಾರಿಯಲ್ಲೇ ಹೋಗುತ್ತದೆ. ಕಿಟಕಿಯ ಪಕ್ಕ ಚಿಕ್ಕತಾಯಿ ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಮಗುವನ್ನು ಹಿಡಿದಂತೆ ಎರಡು ಕೈಯಲ್ಲೂ ಹಿಡಿದು ಕೂತಿರುತ್ತಾಳೆ. ಬಿಸಿಲು ಏರುತ್ತಿರುತ್ತದೆ, ದೀಪ ಹಚ್ಚುವ ಹೊತ್ತು ಇನ್ನೂ ದೂರ. ಈಗ ಕೇಳಿದರೆ ಹೇಳುತ್ತಾಳೆ. ವ್ಯಾನು ನಿಲ್ಲುವುದಿಲ್ಲ.