ಹೊಳೆ ದಾಟಿದ ಕುರಿ

ಕುರಿಗೆ ನೂರಾ ಮೂವತ್ತು ರೂಪಾಯಿ, ಬರ್ಫಕ್ಕೆ, ಅಂದರೆ ಮಂಜುಗಡ್ಡೆಗೆ, ಹನ್ನೆರಡು. ಮೇವಿಗೆ ಏನೂ ಬೀಳಲಿಲ್ಲ. ಅತ್ತೆ ಗುರುಸಿದ್ದವ್ವ ಹಿತ್ತಲಲ್ಲಿ ಕಟ್ಟಿ ತಾನೇ ಮೇಯಿಸಿದ್ದಳು. ಡಾಕ್ಟರು ತಮ್ಮ ಕೆಲಸಕ್ಕೆ ಪೈಸೆ ಮುಟ್ಟಲಿಲ್ಲ. ಇಷ್ಟರಲ್ಲಿ ಗಂಡನ ಜೀವ ಉಳಿಯುವುದಾದರೆ ಅಗ್ಗವೇ ಆಯಿತು ಎಂದುಕೊಂಡಿದ್ದಳು ನೀಲಗಂಗವ್ವ.

ಅದು ಎಪ್ಪತ್ತೆಂಟನೆಯ ಇಸವಿ. ಬೆಟಗೇರಿಯಲ್ಲಿ ನೂಲಿನ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಕೊಟ್ರಪ್ಪನ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆಯಾಗಿತ್ತು. ಅದನ್ನು ಕತ್ತರಿಸಿ ತೆಗೆಯುವಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಹಬ್ಬಿತ್ತು. ಬೇರೆ ಔಷಧಿ ಇಲ್ಲವೆಂದು ಎಲ್ಲರೂ ಕೈಚೆಲ್ಲಿದಾಗ, ಅಮೆರಿಕದಲ್ಲಿ ಓದಿ ಬಂದಿದ್ದ ಹುಬ್ಬಳ್ಳಿಯ ಡಾಕ್ಟರ್ ನರಸಿಂಹ ಅವಳನ್ನು ಕೂರಿಸಿಕೊಂಡು ಹೇಳಿದರು.

"ನಿಮ್ಮ ಯಜಮಾನರ ಗಡ್ಡಿ ಒಂದಿಷ್ಟು ಬರ್ಫಿನ್ಯಾಗ ಕಾದಿಟ್ಟೀನಿ. ಅದನ್ನ ಅರದು ಕುರಿಗೆ ಸೂಜಿ ಹಾಕ್ತೀನಿ. ಕುರಿ ಮೈ ಅದನ್ನ ಹೊಡದು ಹಾಕೋದು ಕಲೀತದ. ಆ ಕಲತದ್ದು ಅದರ ಹೊಟ್ಟಿ ಎಡಕ್ಕಿರೋ ಗುಲ್ಮದಾಗ ಆರ್‌ಎನ್‌ಎ ಅಂತ ಒಂದು ಪದಾರ್ಥದೊಳಗ ಇರ್ತದ ಅಂತಾರ. ಅದನ್ನ ತಗದು ಕೊಟ್ರ, ಇವರ ಮೈನೂ ಕಲೀಬಹುದು."

"ಕಲೀತದೋ, ಕಲೀಬಹುದೋ, ಸಾಹೇಬ್ರ?"

"ಕಲೀಬಹುದು" ಎಂದರು ಡಾಕ್ಟರು. ಸುಳ್ಳು ಹೇಳದ ಮನುಷ್ಯ ಎಂದು ಅವಳಿಗೆ ಅಷ್ಟರಲ್ಲೇ ನಂಬಿಕೆ ಬಂತು.

ಲಿಂಗವಂತರ ಹಿತ್ತಲಲ್ಲಿ ಕುರಿ ಕಟ್ಟಿದ್ದಕ್ಕೆ ಓಣಿಯವರು ಮೂಗು ಮುರಿದರು. ಕೊಟ್ರಪ್ಪ ಮಾತ್ರ ಹಾಸಿಗೆಯಲ್ಲೇ ನಗುತ್ತಿದ್ದ. "ನನ್ನ ರೋಗಾ ಅದರೊಳಗ ಹಾಕಿದ್ರ ಅದು ದಪ್ಪ ಆಗಾಕತ್ತೈತಿ, ನಾ ಸಣ್ಣ ಆಗಾಕತ್ತೀನಿ. ಔಷಧ ತಗೊಂಡ ಮ್ಯಾಲೆ ನಾ ಬ್ಯಾ ಅಂದ್ರ ಬೈಬ್ಯಾಡ ಮತ್ತ."

"ಮೊದಲ ಎದ್ದು ಕುಂಡ್ರಿ. ಆಮ್ಯಾಲೆ ಏನರ ಒದರಿಕೋರಿ" ಎಂದಳು ನೀಲಗಂಗವ್ವ.

ಒಂದು ದಿನ ಕುರಿಗೆ ಸೂಜಿ ಹಾಕುತ್ತಿದ್ದ ಡಾಕ್ಟರನ್ನು ಗುರುಸಿದ್ದವ್ವ ಕೇಳಿದಳು: "ಅದರಾಗಿರೂದು ಖರೇನ ನನ್ನ ಮಗನ ಮೈಯಾಗಿಂದೇನಪಾ?"

"ಹೌದ್ರೀ ಅಮ್ಮಾ."

ಮುದುಕಿ ಅಂದಿನಿಂದ ಮೇವಿನ ಜೊತೆಗೆ ಬಿಸಿ ರೊಟ್ಟಿಯನ್ನೂ ಮುರಿದು ಹಾಕತೊಡಗಿದಳು.

ಕೊಯ್ಯುವ ದಿನ ಬಂತು. ಬೆಳಗಾಗುತ್ತಲೇ ಅತ್ತೆಯೇ ಮುಂದಾಗಿ ಕುರಿಯನ್ನು ಕಸಾಯಿ ಅಲ್ಲಾಉದ್ದೀನನ ಅಂಗಳಕ್ಕೆ ಹೊಡೆದುಕೊಂಡು ಹೋದಳು. ಬರ್ಫದ ಡಬ್ಬಿ ಹಿಡಿದುಕೊಂಡು ಡಾಕ್ಟರು ಬಂದರು, ಹಿಂದೆ ನೀಲಗಂಗವ್ವ. ಡಾಕ್ಟರು ಆಚಾರದ ಮನೆಯವರು. ಮನುಷ್ಯರ ಹೊಟ್ಟೆ ಕೊಯ್ದವರಿಗೂ ಕುರಿಯ ಕುತ್ತಿಗೆ ನೋಡುವ ಧೈರ್ಯವಿರಲಿಲ್ಲ. ಅವಳಿಗೂ ಇರಲಿಲ್ಲ. ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿ ಬೀದಿ ನೋಡುತ್ತ ನಿಂತರು. ಅಲ್ಲಾಉದ್ದೀನ ಒಳಗಿನಿಂದ ಗುಲ್ಮ ತಂದುಕೊಟ್ಟ. ಡಾಕ್ಟರು ಡಬ್ಬಿ ಮುಚ್ಚಿಕೊಂಡು ಹುಬ್ಬಳ್ಳಿಗೆ ಓಡಿದರು.

ವಾರಕ್ಕೊಂದರಂತೆ ಕೊಟ್ರಪ್ಪನಿಗೆ ಸೂಜಿ ಶುರುವಾಯಿತು. ಮೂರನೆಯದರ ಹೊತ್ತಿಗೆ ಅವನು ತಲೆದಿಂಬಿಗೆ ಒರಗಿ ಕೂತು ಎರಡು ರೊಟ್ಟಿ ತಿಂದ. ಅಡುಗೆಮನೆಯಲ್ಲಿ ಗುರುಸಿದ್ದವ್ವನ ಕಣ್ಣು ತುಂಬಿ ಬಂತು.

"ನೋಡಿದೇನ ನೀಲಾ? ಅದನ್ನ ಉಳಿಸಿದ್ದಕ್ಕ ಇವ ಏಳಾಕತ್ತಾನ."

"ಯಾವುದನ್ನ ಅತ್ತಿ?"

"ಕುರೀನ. ಅಲ್ಲಾಉದ್ದೀನಗ ಕೈ ಮುಗದು ಬ್ಯಾರೇದ್ದು ಕೊಯ್ಯಿಸಿದೆ. ನನ್ನ ಮಗನ ಮಾಂಸ ಸೇರಿತ್ತಲ್ಲ ಅದರ ಮೈಯಾಗ? ಅದರ ಕುತ್ತಿಗಿಗೆ ಚೂರಿ ಹಾಕಿದ್ರ ಇವನಿಗೆ ಹಾಕಿದಂಗ ಅಲ್ಲೇನು?"

ನೀಲಗಂಗವ್ವನ ಕೈಯಲ್ಲಿದ್ದ ಹಿಟ್ಟು ಅಲ್ಲೇ ಉಳಿಯಿತು. ಬೈಯಬೇಕೆಂದು ಬಾಯಿ ತೆರೆದವಳು ಆ ಮುದಿ ಮುಖದ ಸಂತೋಷ ನೋಡಿ ಕೈ ತೊಳೆದುಕೊಂಡು ನೇರ ಅಲ್ಲಾಉದ್ದೀನನಲ್ಲಿಗೆ ಹೋದಳು.

"ನಿಮ್ಮತ್ತಿ ಕಾಲ ಹಿಡ್ಯಾಕ ಬಂದ್ರವ್ವಾ" ಎಂದ ಅವನು ತಲೆ ತಗ್ಗಿಸಿ. "ನನ್ನ ತಾಯಿ ವಯಸ್ಸಿನಾಕಿ. ಕುರುಬರ ಹಿಂಡಿನಾಗ ಬಿಟ್ಟುಬಿಟ್ಟೆ. ಕೊರ್ಲಹಳ್ಳಿ ಕಡೆ ಹೋದ್ರು."

ಮುಂಡರಗಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಿ ಅವಳು ಕೊರ್ಲಹಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಹೊಳೆದಂಡೆಯ ಉಸುಕಿನ ತುಂಬ ಗೊರಸಿನ ಗುರುತು. ಎತ್ತು ತೊಳೆಯುತ್ತಿದ್ದ ಮುದುಕ ಆಚೆ ದಂಡೆಗೆ ಕೈ ತೋರಿಸಿದ. "ದಾಟಿ ಎಂಟು ದಿನಾತು ತಂಗಿ. ಸಾವಿರ ಕುರಿಯಾಗ ನಿನ್ನದು ಯಾವದಂತ ಹುಡಕತಿ?"

ಮರುದಿನ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದಳು.

"ಇನ್ನೊಂದು ಕುರಿ ತರ್ತೀನ್ರಿ."

"ಕುರಿ ಸಿಗ್ತಾವ್ರೀ. ಗಡ್ಡಿ ಉಳದಿಲ್ಲ."

"ಆ ಕುರೀದ ಕೊಟ್ಟಿದ್ರ ಉಳೀತಿದ್ರೇನ್ರಿ?"

"ಅದನ್ನ ತಿಳಕೊಳ್ಳಲಿಕ್ಕೇ ಮಾಡಿದ್ದು" ಎಂದರು ಡಾಕ್ಟರು. "ಇನ್ನ ನನಗೂ ಗೊತ್ತಾಗೂದಿಲ್ಲ." ಮತ್ತೆ ಅವರೇ ಕೇಳಿದರು: "ಉಳದ ಸೂಜಿ ಹಾಕಲೋ ಬ್ಯಾಡೋ?"

"ಹಾಕ್ರಿ" ಎಂದಳು ನೀಲಗಂಗವ್ವ. "ಅವರಿಗೆ ರೊಟ್ಟಿ ಸೇರಾಕತ್ತೈತಿ."

ರೊಟ್ಟಿ ಬಹಳ ದಿನ ಸೇರಲಿಲ್ಲ. ಸಂಕ್ರಾಂತಿಗೆ ಮೊದಲೇ ಕೊಟ್ರಪ್ಪ ತೀರಿಕೊಂಡ. ಕುರಿ ಬದಲಾದ ಸುದ್ದಿ ಅವನ ಕಿವಿಗೆ ಬೀಳಲಿಲ್ಲ. "ಅದನ್ನ ಉಳಿಸಿದ್ರೂ ಇಂವ ಯಾಕ ಹೋದ?" ಎಂದು ಗುರುಸಿದ್ದವ್ವ ದಿನವೂ ಕೇಳುತ್ತಿದ್ದಳು. ಸೊಸೆಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಕುರಿಯೊಂದರ ಜೀವ ಉಳಿಯಿತು. ಕೆಲವು ದಿನ ಗಂಡ ಹಸಿದು ಉಂಡ. ಗಂಡ ಹೋದ, ಅವನು ಉಳಿಯುತ್ತಿದ್ದನೋ ಇಲ್ಲವೋ ಎಂಬುದು ಹೊಳೆ ದಾಟಿ ಹೋಯಿತು.